ವಾಸದ ಟ್ರೇಲರ್ ಎಳೆಯಲು ಗಾಡಿ ಆರಿಸುವವರು ಅಶ್ವಶಕ್ತಿಗಿಂತ ಮೊದಲು ತೂಕ ನೋಡಲಿ

ಮಾನ್ಯ ಸಂಪಾದಕರಿಗೆ,

ದಾವಣಗೆರೆ, ಹರಿಹರದ ವೆಲ್ಡಿಂಗ್ ಶೆಡ್‌ಗಳಿಗೆ ಇಷ್ಟು ಕಾಲ ಮೆಕ್ಕೆಜೋಳ, ಭತ್ತ, ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರ್ ಮಾಡಿಸುವವರೇ ಬರುತ್ತಿದ್ದರು. ಈಚೆಗೆ ಮಲಗಲು ಮಂಚ, ಅಡುಗೆಯ ಕಟ್ಟೆ, ನೀರಿನ ಟ್ಯಾಂಕು, ಚಿಕ್ಕದೊಂದು ಶೌಚಾಲಯ ಇರುವ ವಾಸದ ಟ್ರೇಲರ್ ಮಾಡಿಕೊಡಲು ಆಗುತ್ತದೆಯೇ ಎಂದು ವಿಚಾರಿಸುವವರೂ ಬರತೊಡಗಿದ್ದಾರೆ. ತಾನೇ ಓಡುವ ಕಾರವಾನ್ ವ್ಯಾನಿನ ಮಾತಲ್ಲ ಇದು. ಕಾರು ಅಥವಾ ಜೀಪಿನ ಹಿಂದೆ ಕೊಂಡಿಗೆ ಸಿಕ್ಕಿಸಿಕೊಂಡು ಹೋಗಿ, ಊರು ಮುಟ್ಟಿದ ಮೇಲೆ ಬಿಚ್ಚಿ ನಿಲ್ಲಿಸಿ, ಕಾರನ್ನು ಸುತ್ತಾಟಕ್ಕೆ ಬೇರೆಯಾಗಿ ಬಳಸಬಹುದಾದ ಗಾಲಿಯ ಮನೆಯ ಮಾತು. ಸೂಳೆಕೆರೆ, ವಾಣಿವಿಲಾಸ ಸಾಗರ, ಹಂಪಿ ಎಲ್ಲವೂ ಒಂದು ಹಗಲಿನ ದಾರಿಯೊಳಗೇ ಇರುವ ದಾವಣಗೆರೆ, ಚಿತ್ರದುರ್ಗ ಜಿಲ್ಲೆಯವರಿಗೆ ಇಂತಹ ಪ್ರವಾಸ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಎಳೆಯುವ ಗಾಡಿಯನ್ನು ಆರಿಸುವಾಗ ಜನರು ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲವೆಂದು ಟ್ರೇಲರ್ ತಯಾರಿಕೆಯಲ್ಲೇ ಬದುಕು ಕಂಡುಕೊಂಡಿರುವ ನನಗೆ ಅನ್ನಿಸುತ್ತಿರುವುದರಿಂದ, ತಮ್ಮ ಪತ್ರಿಕೆಯ ಮೂಲಕ ಕೆಲವು ವಿಷಯಗಳನ್ನು ಓದುಗರ ಮುಂದೆ ಇಡಬಯಸುತ್ತೇನೆ.

ಬಂದವರು ಸಾಮಾನ್ಯವಾಗಿ ಕೇಳುವುದು ಒಂದೇ: ‘ನನ್ನ ಗಾಡಿ ಎಷ್ಟು ಟನ್ ಎಳೆಯುತ್ತದೆ?’ ಇಂದಿನ ಡೀಸೆಲ್ ಎಂಜಿನ್‌ಗಳ ಮಟ್ಟಿಗೆ ಎಳೆಯುವುದು ದೊಡ್ಡ ಸಮಸ್ಯೆಯೇ ಅಲ್ಲ. ಎರಡು ಟನ್ ತೂಕದ ಗಾಡಿ, ಅದರೊಳಗೆ ಜನರು ಮತ್ತು ಸಾಮಾನು ಸೇರಿ ನಾಲ್ಕು ನೂರು ಕಿಲೋ, ಹಿಂದೆ 1,200 ಕಿಲೋ ಟ್ರೇಲರ್, ಒಟ್ಟು 3,600 ಕಿಲೋ ಎಂದುಕೊಳ್ಳೋಣ. ನೂರು ಮೀಟರ್ ದೂರಕ್ಕೆ ಎಂಟು ಮೀಟರ್ ಏರುವ ಕಡಿದಾದ ರಸ್ತೆಯಲ್ಲಿ ಇದನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು ಚಕ್ರಗಳಿಗೆ ಸುಮಾರು 50 ಅಶ್ವಶಕ್ತಿ ತಲುಪಿದರೆ ಸಾಕು. ಇನ್ನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್ 150 ಅಶ್ವಶಕ್ತಿಯದು, ಫಾರ್ಚೂನರ್‌ನದು 204. ಹಾಗಾಗಿ ಶೋರೂಮಿನಲ್ಲಿ ಅಶ್ವಶಕ್ತಿಯ ಅಂಕಿಯನ್ನು ಹೋಲಿಸುತ್ತ ಕೂರುವುದರಿಂದ ಈ ವಿಷಯದಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಕೇಳಬೇಕಾದದ್ದು ಬೇರೆ: ಹಿಂದಿನ ಭಾರವನ್ನು ಈ ಗಾಡಿ ಹೊರಬಲ್ಲದೇ, ಗಾಳಿ ಬೀಸಿದಾಗ ನೆಟ್ಟಗೆ ಹಿಡಿದಿಡಬಲ್ಲದೇ, ಇಳಿಜಾರಿನಲ್ಲಿ ನಿಲ್ಲಿಸಬಲ್ಲದೇ ಎಂಬುದು.

ಆದ್ದರಿಂದ ಮೊದಲು ಟ್ರೇಲರಿನ ತೂಕ ಗೊತ್ತಾಗಬೇಕು, ಆಮೇಲೆ ಗಾಡಿ. ಅದೂ ಖಾಲಿ ತೂಕವಲ್ಲ, ಪ್ರವಾಸಕ್ಕೆ ಹೊರಟು ನಿಂತಾಗಿನ ತೂಕ. ಶೆಡ್ಡಿನಿಂದ ಹೊರಬಂದಾಗ 900 ಕಿಲೋ ಇದ್ದ ಟ್ರೇಲರ್ ಮನೆಯ ಮುಂದೆ ಒಂದು ದಿನ ನಿಂತರೆ ಸಾಕು, ಬೇರೆಯೇ ಟ್ರೇಲರ್ ಆಗಿಬಿಡುತ್ತದೆ. ಟ್ಯಾಂಕಿಗೆ 80 ಲೀಟರ್ ನೀರು ತುಂಬಿದರೆ 80 ಕಿಲೋ ಏರಿತು. ಮನೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಇನ್ವರ್ಟರಿಗೆ ಬಳಸುವ 150 ಆಂಪಿಯರ್-ಅವರ್ ಬ್ಯಾಟರಿ ಒಂದೇ ಐವತ್ತು ಕಿಲೋ ಮೀರುತ್ತದೆ. ಬಳಿಕ ಏಸಿ, ಹಾಸಿಗೆ, ಪಾತ್ರೆ, ಅಕ್ಕಿ, ಮಡಚುವ ಕುರ್ಚಿ, ಮಕ್ಕಳ ಸೈಕಲ್ಲು. ಯಾರೂ ಅತಿಯಾಸೆ ಮಾಡದೆ ಹೋದರೂ ಮುನ್ನೂರು ಕಿಲೋ ಸೇರುವುದು ಸಹಜ. ಮಾಡಿಸುವವರು ಗೋಡೆಗೆ ಪ್ಲೈವುಡ್ಡಿನ ಬದಲು ಹಗುರವಾದ ಹಾಳೆ ಹಾಕಿಸಿ ಇಪ್ಪತ್ತು ಕಿಲೋ ಉಳಿಸಲು ಚೌಕಾಸಿ ಮಾಡುತ್ತಾರೆ. ನೀರನ್ನು ಮಾತ್ರ ಊರಿನಿಂದಲೇ ತುಂಬಿಕೊಂಡು ಹೊರಡುತ್ತಾರೆ. ತಲುಪುವ ಜಾಗದಲ್ಲಿ ನೀರು ಸಿಗುವುದಾದರೆ ಟ್ಯಾಂಕನ್ನು ಅಲ್ಲಿಯೇ ತುಂಬಿಸಿಕೊಳ್ಳುವುದು ಎಷ್ಟೋ ಮೇಲು.

ಈಗ ಕೊಂಡಿಯ ಮಾತಿಗೆ ಬರುತ್ತೇನೆ. ಈ ಇಡೀ ವಿಷಯದಲ್ಲಿ ಜನರು ಅತಿ ಕಡಿಮೆ ಗಮನ ಕೊಡುವುದೂ, ಅತಿ ಹೆಚ್ಚು ಗಮನ ಕೊಡಬೇಕಾದದ್ದೂ ಇದೇ. ಟ್ರೇಲರಿನ ತೂಕವೆಲ್ಲ ಅದರ ಚಕ್ರಗಳ ಮೇಲೆಯೇ ಕೂರುವುದಿಲ್ಲ. ಒಂದು ಪಾಲು ಕೊಂಡಿಯ ಮೂಲಕ ಎಳೆಯುವ ಗಾಡಿಯ ಬೆನ್ನಿನ ಮೇಲೆ ಬೀಳುತ್ತದೆ, ಬೀಳಲೇಬೇಕು. ಮೆಕ್ಕೆಜೋಳದ ಚೀಲಗಳನ್ನು ಟ್ರೇಲರಿನ ಹಿಂಬದಿಗೇ ಒಟ್ಟಿದರೆ ಕೊಂಡಿ ಮೇಲಕ್ಕೆ ಎತ್ತಿ ಟ್ರ್ಯಾಕ್ಟರಿನ ಹಿಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತಿರುವ ಸಂಗತಿ. ಟ್ರ್ಯಾಕ್ಟರು ನಿಧಾನವಾಗಿ ಸಾಗುವುದರಿಂದ ಅಲ್ಲಿ ಸಾಮಾನ್ಯವಾಗಿ ಕೆಸರಿನಲ್ಲಿ ಸಿಕ್ಕಿಕೊಳ್ಳುವುದರೊಳಗೆ ಮುಗಿಯುತ್ತದೆ. ಕಾರಿನ ವೇಗದಲ್ಲಿ ಅದೇ ತಪ್ಪು ಟ್ರೇಲರನ್ನು ಎಡಬಲಕ್ಕೆ ತೂಗಾಡಿಸುತ್ತದೆ, ಮತ್ತು ಆ ತೂಗಾಟ ಒಮ್ಮೆ ಶುರುವಾದರೆ ಪ್ರತಿ ಸಲ ಮೊದಲಿಗಿಂತ ಹೆಚ್ಚಾಗುತ್ತ ಹೋಗಿ ಕಾರನ್ನೂ ಸೇರಿಸಿ ಉರುಳಿಸಬಲ್ಲದು.

ಕೊಂಡಿಯ ಮೇಲೆ ಎಷ್ಟು ಭಾರ ಇರಬೇಕು ಎಂಬುದಕ್ಕೆ ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಎಂಬ ಅಳತೆ ರೂಢಿಯಲ್ಲಿದೆ. ಬ್ರಿಟನ್ನಿನಲ್ಲಿ, ಭಾರವನ್ನು ಅಚ್ಚಿನ (ಚಕ್ರಗಳನ್ನು ಜೋಡಿಸುವ ಆಕ್ಸಲ್) ಹತ್ತಿರವೇ ಜೋಡಿಸುವ ಹಗುರ ಕಾರವಾನ್‌ಗಳಿಗೆ, ಶೇಕಡ 5ರಿಂದ 7 ಎನ್ನುತ್ತಾರೆ. ನಮ್ಮ ಕಡೆ ತಯಾರಾಗುವ ಟ್ರೇಲರ್‌ಗಳಲ್ಲಿ ಶೌಚಾಲಯ, ಅಡುಗೆಯ ಕಟ್ಟೆಗಳು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುವುದರಿಂದ ಶೇಕಡ 10ಕ್ಕೆ ಕಡಿಮೆ ಇರಬಾರದು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಕೊಂಡಿ ಮತ್ತು ಗಾಡಿಯ ತಯಾರಕರು ಹೇಳಿದ ಮಿತಿಯನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ. ಕೊಂಡಿಯ ಮಿತಿ 100 ಕಿಲೋ ಎಂದಿದ್ದರೆ ಈ ಲೆಕ್ಕದಲ್ಲಿ ಅದರ ಹಿಂದೆ ಒಂದು ಟನ್ನಿಗಿಂತ ಹೆಚ್ಚು ತೂಕದ ಟ್ರೇಲರ್ ಕಟ್ಟಬಾರದು ಎಂದೇ ಅರ್ಥ, ಎಂಜಿನ್ ಎಷ್ಟೇ ದೊಡ್ಡದಿರಲಿ.

ಕೊಂಡಿಯ ಮೇಲಿನ ಭಾರ ಗಾಡಿಯ ಹೊರೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನೂ ಬಹಳ ಜನ ಮರೆಯುತ್ತಾರೆ. ಗಾಡಿಯ ಗರಿಷ್ಠ ಒಟ್ಟು ತೂಕದಿಂದ ಅದರ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ಅದು ಹೊರಬಹುದಾದ ಹೊರೆ. ಅದು 575 ಕಿಲೋ ಎಂದಿಟ್ಟುಕೊಳ್ಳಿ. ಅರವತ್ತೈದು ಕಿಲೋ ತೂಕದ ಐವರು ಕೂತರೆ 325, ಡಿಕ್ಕಿಯ ಸಾಮಾನು 75, ಕೊಂಡಿಯ ಕಬ್ಬಿಣ 25, ಕೊಂಡಿಯ ಮೇಲಿನ ಭಾರ 150; ಅಲ್ಲಿಗೆ ಹೊರೆ ಪೂರ್ತಿಯಾಯಿತು, ಮೇಲಿನ ಕ್ಯಾರಿಯರಿನಲ್ಲಿ ಒಂದು ಚೀಲ ಕಟ್ಟಲೂ ಅವಕಾಶ ಉಳಿಯಲಿಲ್ಲ. ಅಷ್ಟೇ ಅಲ್ಲ, ಕೊಂಡಿ ಇರುವುದು ಹಿಂದಿನ ಅಚ್ಚಿಗಿಂತಲೂ ಒಂದು ಮೀಟರಿಗಿಂತ ಹೆಚ್ಚು ಹಿಂದೆ. ಹಾಗಾಗಿ ಅಲ್ಲಿ ಬೀಳುವ ಭಾರ ಸನ್ನೆಕೋಲಿನಂತೆ ಕೆಲಸ ಮಾಡಿ ಮುಂದಿನ ಚಕ್ರಗಳನ್ನು ಎತ್ತುತ್ತದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 2.75 ಮೀಟರ್ ಅಂತರವಿದ್ದು, ಕೊಂಡಿ 1.2 ಮೀಟರ್ ಹಿಂದಿದ್ದರೆ, 150 ಕಿಲೋ ಭಾರವು ಹಿಂದಿನ ಅಚ್ಚಿನ ಮೇಲೆ ಸುಮಾರು 215 ಕಿಲೋ ಆಗಿ ಕೂರುತ್ತದೆ, ಮುಂದಿನ ಅಚ್ಚಿನಿಂದ 65 ಕಿಲೋ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಿರುಗಿಸುವುದೂ, ಬ್ರೇಕ್ ಹಾಕಿದಾಗ ಹೆಚ್ಚು ಕೆಲಸ ಮಾಡುವುದೂ ಆ ಮುಂದಿನ ಚಕ್ರಗಳೇ ಅಲ್ಲವೇ?

ಇಷ್ಟನ್ನು ಗಮನದಲ್ಲಿಟ್ಟುಕೊಂಡರೆ ಯಾವ ಬಗೆಯ ಗಾಡಿ ಸೂಕ್ತ ಎಂಬುದು ತಾನಾಗಿಯೇ ತಿಳಿಯುತ್ತದೆ. ತೂಕವಾದ, ಅಚ್ಚುಗಳ ನಡುವೆ ಅಂತರ ಹೆಚ್ಚಿರುವ, ಏಣಿಯಾಕಾರದ ಚಾಸಿಯ ಮೇಲೆ ಕಟ್ಟಿದ, ಹಿಂದಿನ ಚಕ್ರಗಳಿಂದ ಅಥವಾ ನಾಲ್ಕೂ ಚಕ್ರಗಳಿಂದ ಓಡುವ ಗಾಡಿ ಒಳ್ಳೆಯದು. ಕೊಂಡಿಯ ಎಳೆತವನ್ನು ಬೋಲ್ಟ್ ಹಾಕಿ ಹಂಚಲು ಏಣಿ ಚಾಸಿಯಲ್ಲಿ ಗಟ್ಟಿಯಾದ ಉದ್ದ ತೊಲೆಗಳು ಸಿಗುತ್ತವೆ. ಚಾಸಿ ಮತ್ತು ಬಾಡಿ ಒಂದೇ ಆಗಿರುವ ಕಾರುಗಳಲ್ಲಿ ತಯಾರಕರೇ ಸೂಚಿಸಿದ ಜಾಗ ಬಿಟ್ಟು ಬೇರೆಲ್ಲೂ ಕೊಂಡಿ ಕೂರಿಸಬಾರದು, ಬೆಸುಗೆಯನ್ನಂತೂ ಹಾಕಲೇಬಾರದು. ಇನ್ನೋವಾದಲ್ಲೇ ಎರಡು ಬಗೆಯಿದೆ: ಕ್ರಿಸ್ಟಾ ಏಣಿ ಚಾಸಿಯ, ಹಿಂದಿನ ಚಕ್ರ ಓಡಿಸುವ ಗಾಡಿ, ಹೈಕ್ರಾಸ್ ಚಾಸಿ-ಬಾಡಿ ಒಂದಾಗಿರುವ, ಮುಂದಿನ ಚಕ್ರ ಓಡಿಸುವ ಗಾಡಿ. ಕುಟುಂಬದ ಪ್ರಯಾಣಕ್ಕೆ ಎರಡೂ ಉತ್ತಮವಾದರೂ, ಕೊಂಡಿಯ ಭಾರ ಮುಂದಿನ ಚಕ್ರಗಳನ್ನು ಹಗುರ ಮಾಡುವುದರಿಂದ ಮಳೆಯಲ್ಲಿ ನೆನೆದ ಏರಿನಲ್ಲಿ ಎರಡನೆಯದರ ಚಕ್ರಗಳು ಜಾರುವ ಸಂಭವ ಹೆಚ್ಚು. ಮೂರು ಬಾಗಿಲಿನ ಥಾರ್ ಬಗ್ಗೆ ಯುವಕರು ಬಹಳ ಉತ್ಸಾಹದಿಂದ ಕೇಳುತ್ತಾರೆ. ಗಟ್ಟಿ ಗಾಡಿ, ನಾಲ್ಕು ಚಕ್ರ ಚಾಲನೆ, ಎಲ್ಲ ಸರಿ; ಆದರೆ ಅದರ ಅಚ್ಚುಗಳ ನಡುವಿನ ಅಂತರ 2.45 ಮೀಟರ್ ಮಾತ್ರ. ಗಿಡ್ಡ ಗಾಡಿಯನ್ನು ಉದ್ದದ ಟ್ರೇಲರ್ ಸುಲಭವಾಗಿ ಅತ್ತಿತ್ತ ತಳ್ಳಬಲ್ಲದು. ಅದೇ ಹೈಲಕ್ಸ್‌ನಂತಹ ಪಿಕಪ್ಪಿನಲ್ಲಿ ಈ ಅಂತರ ಮೂರು ಮೀಟರ್ ದಾಟುತ್ತದೆ. ಫಾರ್ಚೂನರ್, ಸ್ಕಾರ್ಪಿಯೋ-ಎನ್ ಗಾಡಿಗಳು ಥಾರ್ ಮತ್ತು ಹೈಲಕ್ಸ್‌ಗಳ ನಡುವೆ ಬರುತ್ತವೆ. ಒಂದೂಕಾಲು ಟನ್ನಿನ ಆಸುಪಾಸಿನ ಟ್ರೇಲರಿಗೆ ನನ್ನನ್ನು ಕೇಳಿದರೆ ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ಪಿಕಪ್ಪಿಗೆ ಮೊದಲ ಸ್ಥಾನ ಕೊಡುತ್ತೇನೆ.

ಅಂತರಜಾಲದಲ್ಲಿ ಕಾಣುವ ವಿದೇಶದ ಅಂಕಿಗಳನ್ನು ನೋಡಿ ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ನಾಲ್ಕು ಚಕ್ರ ಚಾಲನೆಯ ಹೈಲಕ್ಸ್ 3,500 ಕಿಲೋ ಎಳೆಯಬಹುದು ಎಂದು ತಯಾರಕರು ಹೇಳಿರುವುದು ನಿಜ. ಆದರೆ ಅದು ತನ್ನದೇ ಬ್ರೇಕ್ ಇರುವ ಟ್ರೇಲರಿಗೆ ಮಾತ್ರ. ಬ್ರೇಕ್ ಇಲ್ಲದ ಟ್ರೇಲರಿಗೆ ಅದೇ ಗಾಡಿಯ ಮಿತಿ 750 ಕಿಲೋ. ಯುರೋಪಿನಲ್ಲಿಯೂ 750 ಕಿಲೋ ಮೀರಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಬ್ರಿಟನ್ನಿನ ಕಾರವಾನ್ ಸಂಘಗಳು ಇದಕ್ಕಿಂತಲೂ ಎಚ್ಚರದ ಸಲಹೆ ಕೊಡುತ್ತವೆ: ತುಂಬಿದ ಟ್ರೇಲರಿನ ತೂಕ ಎಳೆಯುವ ಕಾರಿನ ಸ್ವಂತ ತೂಕದ ಶೇಕಡ 85 ದಾಟದಿರುವುದು ಹೊಸಬರಿಗೆ ಕ್ಷೇಮ. ಈ ಅಳತೆ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. 1,200 ಕಿಲೋ ತೂಕದ ಜಿಮ್ನಿಯ ಹಿಂದೆ 1,020 ಕಿಲೋ, ಎರಡು ಟನ್ನಿನ ಗಾಡಿಯ ಹಿಂದೆ 1,700 ಕಿಲೋ ಎಂಬುದು ಇದರ ಪ್ರಕಾರ ಮೇಲ್ಮಿತಿ. ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ತಯಾರಕರ ಮಾತೇ ಮುಖ್ಯ. ಟ್ರೇಲರ್ ಎಳೆಯಲು ಶಿಫಾರಸು ಮಾಡುವುದಿಲ್ಲ ಎಂದು ಕೈಪಿಡಿಯಲ್ಲಿ ಬರೆದಿರುವ ಕಾರಾಗಿದ್ದರೆ ಅಲ್ಲಿಗೆ ಚರ್ಚೆಯೇ ಮುಗಿಯಿತು.

ಬ್ರೇಕಿನ ವಿಷಯವನ್ನು ನಮ್ಮ ಭಾಗದಲ್ಲಿ ಒತ್ತಿ ಹೇಳಲೇಬೇಕು, ಏಕೆಂದರೆ ಇಲ್ಲಿಯ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಬಹುಪಾಲು ಬ್ರೇಕ್ ಇಲ್ಲದೆಯೇ ಓಡುತ್ತಿವೆ, ಹೀಗಾಗಿ ವಾಸದ ಟ್ರೇಲರಿಗೂ ಅದು ಬೇಡವೆಂಬ ಭಾವನೆ ಮಾಡುವವರಲ್ಲಿಯೂ ಮಾಡಿಸುವವರಲ್ಲಿಯೂ ಇದೆ. ಮೇಲೆ ಹೇಳಿದ 3,600 ಕಿಲೋ ಜೋಡಿ ಘಾಟಿಯಲ್ಲಿ ಐನೂರು ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಐವತ್ತು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಒಂದಿಷ್ಟನ್ನು ಗಾಳಿಯೂ ಎಂಜಿನ್ನೂ ನುಂಗಿಕೊಂಡರೂ, ಉಳಿದುದೆಲ್ಲ ಶಾಖವಾಗಿ ಬ್ರೇಕಿನ ಡಿಸ್ಕು, ಡ್ರಮ್ಮುಗಳಿಗೇ ಹೋಗಬೇಕು. ಕಾರಿನ ನಾಲ್ಕು ಬ್ರೇಕುಗಳೇ ಎಲ್ಲವನ್ನೂ ತಡೆದುಕೊಳ್ಳಬೇಕಾದರೆ ಕಾದು ಹಿಡಿತ ಬಿಡುತ್ತವೆ. ಇದಕ್ಕೆ ಸರಳ ಪರಿಹಾರವೆಂದರೆ, ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಕೊಂಡಿಯೊಳಗಿನ ಸರಳು ಹಿಂದೆ ಸರಿದು ಟ್ರೇಲರಿನ ಬ್ರೇಕನ್ನು ಹಿಡಿಸುವ ವ್ಯವಸ್ಥೆ. ಯುರೋಪಿನ ಕಾರವಾನ್‌ಗಳಲ್ಲಿ ಇದೇ ಸಾಮಾನ್ಯ. ಅಮೆರಿಕದಲ್ಲಿ ವಿದ್ಯುತ್ ಬ್ರೇಕ್ ಇದ್ದು, ಚಾಲಕ ಕೂತಲ್ಲಿಂದಲೇ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯಬಹುದು. ಎರಡರಲ್ಲಿ ಒಂದು ಇರಲೇಬೇಕು. ಜೊತೆಗೆ ಕೊಂಡಿ ಕಳಚಿದರೆ ತಾನಾಗಿ ಟ್ರೇಲರಿನ ಬ್ರೇಕ್ ಎಳೆಯುವ ತಂತಿ, ಕೊಂಡಿಯ ಕೆಳಗೆ ಅಡ್ಡಡ್ಡ ಹಾಕಿದ ಎರಡು ಸರಪಳಿ. ಹಣ ಉಳಿಸಬೇಕಾದರೆ ಏಸಿ ಬಿಡಲಿ, ಒಳಗಿನ ಅಲಂಕಾರ ಬಿಡಲಿ, ಬ್ರೇಕನ್ನು ಬಿಡಬಾರದು.

ಘಾಟಿ ಆರಿಸುವುದೂ ಗಾಡಿ ಆರಿಸಿದಷ್ಟೇ ಮುಖ್ಯ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಗೆ ಯಾವ ಗಾಡಿಯಿಂದಲೂ ವಾಸದ ಟ್ರೇಲರನ್ನು ಎಳೆದುಕೊಂಡು ಹೋಗಬಾರದೆಂದು ನಾನು ಖಚಿತವಾಗಿ ಹೇಳುತ್ತೇನೆ. ಕಡಲ ತೀರಕ್ಕೇ ಹೋಗಬೇಕೆಂದಿದ್ದರೆ ಹುಬ್ಬಳ್ಳಿ, ಯಲ್ಲಾಪುರದ ಮೂಲಕ ಅಂಕೋಲಾಕ್ಕೆ ಇಳಿಯುವ, ಲಾರಿಗಳು ಓಡಾಡುವ ಅರಬೈಲು ಘಾಟಿಯ ದಾರಿ ಸುತ್ತಾದರೂ ಮೇಲು. ಇಳಿಯುವಾಗ ಬ್ರೇಕನ್ನು ತುಳಿದುಕೊಂಡೇ ಇರದೆ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಮೊದಲ ಪ್ರವಾಸಕ್ಕೆ ಚಿತ್ರದುರ್ಗದಿಂದ ಹೊಸಪೇಟೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹಂಪಿಗೆ ಹೋಗುವುದು ಯೋಗ್ಯ. ಘಾಟಿಯೂ ಇಲ್ಲ, ಇಕ್ಕಟ್ಟಾದ ತಿರುವೂ ಇಲ್ಲ.

ಬಯಲಿನ ಹೆದ್ದಾರಿಯಲ್ಲಿ ಅಪಾಯವೇ ಇಲ್ಲವೆಂದಲ್ಲ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದು ಅಲ್ಲಿ ಗಾಳಿ ಜೋರಾಗಿ ಬೀಸುವುದರಿಂದಲೇ, ಅದರಲ್ಲೂ ಮುಂಗಾರಿನ ತಿಂಗಳುಗಳಲ್ಲಿ. ಐದು ಮೀಟರ್ ಉದ್ದ, ಎರಡು ಮೀಟರಿಗೂ ಹೆಚ್ಚು ಎತ್ತರದ ಟ್ರೇಲರಿನ ಪಕ್ಕದ ಗೋಡೆ ಹತ್ತು ಚದರ ಮೀಟರಿಗಿಂತ ದೊಡ್ಡದು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪಕ್ಕದಿಂದ ಗಾಳಿ ಹೊಡೆಯುತ್ತಿರುವಾಗಲೇ ಎತ್ತರದ ಸ್ಲೀಪರ್ ಬಸ್ಸೊಂದು ವೇಗವಾಗಿ ಹಾದುಹೋದರೆ, ಆ ಗೋಡೆಯನ್ನು ಮೊದಲು ಆಚೆ ತಳ್ಳಿ ಮರುಕ್ಷಣವೇ ತನ್ನ ಕಡೆಗೆ ಸೆಳೆಯುತ್ತದೆ. ಹಗುರವಾದ, ಗಿಡ್ಡವಾದ ಗಾಡಿ ತಾಳಲಾರದ್ದು ಇಲ್ಲಿಯೇ. ಬ್ರಿಟನ್ನಿನಲ್ಲಿ ಕಾರವಾನ್ ಎಳೆಯುವ ಕಾರುಗಳಿಗೆ ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್ ಮಿತಿಯಿದೆ. ಜರ್ಮನಿಯಲ್ಲಿಯೂ ವಿಶೇಷ ಅನುಮತಿ ಇಲ್ಲದಿದ್ದರೆ 80. ನಮ್ಮ ಹೆದ್ದಾರಿ ನಾಲ್ಕು ಪಥವಾಗಲಿ ಆರು ಪಥವಾಗಲಿ, ಅದನ್ನು ದಾಟದಿರುವುದು ವಿವೇಕ. ಟ್ರೇಲರ್ ತೂಗಾಡಲು ಶುರುವಾದರೆ ಗಾಬರಿಯಿಂದ ಕಾರಿನ ಬ್ರೇಕ್ ತುಳಿಯಬಾರದು, ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸುತ್ತ ಹೋರಾಡಲೂಬಾರದು, ವೇಗ ಹೆಚ್ಚಿಸಿ ಸರಿಪಡಿಸಲು ನೋಡುವುದಂತೂ ಇನ್ನೂ ಅಪಾಯ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಗಟ್ಟಿಯಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಟ್ರೇಲರಿಗೆ ಕೈಯಿಂದ ಹಿಡಿಯುವ ವಿದ್ಯುತ್ ಬ್ರೇಕ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಹಿಡಿಯಬೇಕು. ವೇಗ ಇಳಿಸಿ ಗಾಡಿ ನಿಲ್ಲಿಸಿದ ಮೇಲೆ ಟ್ರೇಲರಿನ ಒಳಗಿನ ಸಾಮಾನನ್ನು ಹಿಂದಿನಿಂದ ಮುಂದಕ್ಕೆ ಸರಿಸಿ, ಟಯರಿನ ಗಾಳಿ ನೋಡಿಕೊಂಡು ಹೊರಡಬೇಕು.

ಡೀಸೆಲ್ ಖರ್ಚು ಹೆಚ್ಚಾಗುತ್ತದೆ, ಟ್ರೇಲರಿನ ಅಗಲಕ್ಕೆ ತಕ್ಕಂತೆ ಉದ್ದ ಕೈಯ ಕನ್ನಡಿಗಳು ಬೇಕು, ಹಳ್ಳಿಗಳ ಹಂಪುಗಳಿಗೆ ಕೊಂಡಿ ತಾಗದಷ್ಟು ಎತ್ತರವಿರಬೇಕು. ಇವು ಒಮ್ಮೆ ಓಡಿಸಿದವರಿಗೆ ತಾನಾಗಿ ತಿಳಿಯುವ ಸಂಗತಿಗಳು.

ಕಾನೂನಿನ ಮಾತು ಅಷ್ಟು ತಾನಾಗಿ ತಿಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಮೋಟಾರು ವಾಹನ ಎಂಬುದರೊಳಗೆ ಟ್ರೇಲರೂ ಸೇರುತ್ತದೆ. ಅದಕ್ಕೆ ಎಂಜಿನ್ ಇಲ್ಲ, ಆದ್ದರಿಂದ ನೋಂದಣಿ ಬೇಡ ಎಂಬ ವಾದ ನಿಲ್ಲುವುದಿಲ್ಲ. ಅದೇ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಕಬ್ಬಿಣ ಕತ್ತರಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದೂ, ವಿಮೆಯವರಿಂದ ಟ್ರೇಲರ್ ಎಳೆಯುವಾಗಲೂ ವಿಮೆ ಊರ್ಜಿತವೆಂದು ಲಿಖಿತವಾಗಿ ಪಡೆದುಕೊಳ್ಳುವುದೂ ಅಗತ್ಯ. ಬಾಯಿಮಾತಿನ ಭರವಸೆ ಅಪಘಾತದ ಮರುದಿನ ಉಪಯೋಗಕ್ಕೆ ಬರುವುದಿಲ್ಲ.

ತೂಕ ನೋಡುವುದಕ್ಕೆ ನಮ್ಮಲ್ಲಿ ಕೊರತೆಯೇ ಇಲ್ಲ. ಮೆಕ್ಕೆಜೋಳ, ಭತ್ತದ ವ್ಯಾಪಾರ ನಡೆಯುವ ಈ ಊರುಗಳಲ್ಲಿ ವೇಬ್ರಿಡ್ಜ್‌ಗಳಿಗೆ ಬಹಳ ಅಲೆಯಬೇಕಾಗಿಲ್ಲ. ಜನರನ್ನೂ ಸಾಮಾನನ್ನೂ ತುಂಬಿಕೊಂಡು ಮೊದಲು ಗಾಡಿಯನ್ನು ಮಾತ್ರ ತೂಗಿಸಬೇಕು. ಬಳಿಕ ಟ್ರೇಲರನ್ನು ಕೊಂಡಿಗೆ ಹಾಕಿ, ಗಾಡಿಯ ಚಕ್ರಗಳಷ್ಟೇ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಬೇಕು. ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ. ಎರಡನೆಯ ಅಂಕಿ ಗಾಡಿಯ ಗರಿಷ್ಠ ಒಟ್ಟು ತೂಕವನ್ನು ದಾಟಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ಕೊನೆಗೆ ಬಿಚ್ಚಿದ ಟ್ರೇಲರನ್ನು ಪೂರ್ತಿಯಾಗಿ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿದರೆ ಶೇಕಡಾವಾರು ಲೆಕ್ಕವೂ ಸಿಕ್ಕಿತು. ತೂಗಿಸುವ ಖರ್ಚು ಒಂದು ಹೊತ್ತಿನ ಡೀಸೆಲ್ಲಿಗಿಂತ ಬಹಳ ಕಡಿಮೆ.

ಸಾರಿಗೆ ಇಲಾಖೆಗೂ ವಾಹನ ತಯಾರಕರಿಗೂ ನನ್ನ ವಿನಂತಿ ಇಷ್ಟೇ. ದೇಶದಲ್ಲಿ ಮಾರುವ ಪ್ರತಿ ಎಸ್‌ಯುವಿ ಮತ್ತು ಪಿಕಪ್ಪಿಗೆ ಬ್ರೇಕ್ ಇರುವ ಟ್ರೇಲರಿನ ಮಿತಿ, ಬ್ರೇಕ್ ಇಲ್ಲದ ಟ್ರೇಲರಿನ ಮಿತಿ, ಕೊಂಡಿಯ ಮೇಲಿನ ಗರಿಷ್ಠ ಭಾರ ಎಂಬ ಮೂರು ಅಂಕಿಗಳನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿ, ಕನ್ನಡದಲ್ಲಿಯೂ ಮುದ್ರಿಸಲಿ. ಎಳೆಯಲು ಸೂಕ್ತವಲ್ಲದ ಗಾಡಿಯಾದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಲಿ. ನಮ್ಮಂತಹ ತಯಾರಕರು ಪ್ರತಿ ವಾಸದ ಟ್ರೇಲರಿನ ಕೊಂಡಿಯ ಬಳಿ ಖಾಲಿ ತೂಕ ಮತ್ತು ಗರಿಷ್ಠ ತೂಕ ಕೆತ್ತಿದ ಫಲಕವನ್ನು ಕಡ್ಡಾಯವಾಗಿ ಹಾಕುವಂತೆ ಎರಡೂ ಜಿಲ್ಲೆಗಳ ಸಾರಿಗೆ ಅಧಿಕಾರಿಗಳು ಸೂಚನೆ ಕೊಟ್ಟರೆ, ಅದನ್ನು ಪಾಲಿಸುವುದು ನಮಗೆ ಅರ್ಧ ಗಂಟೆಯ ಕೆಲಸ.

ಇಂತಿ ತಮ್ಮ ವಿಶ್ವಾಸಿ,
ಟ್ರೇಲರ್ ತಯಾರಿಕೆಯ ವೃತ್ತಿಯಲ್ಲಿರುವ ಓದುಗ
ದಾವಣಗೆರೆ